ಗಾಳಿಬಾಗಿಲಿಗೆ ಹೊರಟ ಹೊಲಿಗೆ ಮೆಷಿನ್ನು

ಬೆಳಿಗ್ಗೆ ಆರೂವರೆಗೆ ಪಕ್ಕದ ಮನೆಯ ವಸಂತಿ ಬಂದು ಅಮ್ಮನ ಹೊಲಿಗೆ ಮೆಷಿನ್ನನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಹಲ್ಲುಜ್ಜುತ್ತಾ ಬಸ್ಸಿನವರೆಗೆ ತಂದುಕೊಟ್ಟಳು. ನಾನು ಅವಳ ಹಿಂದೆಯೇ ಎರಡೂ ಕೈ ಮುಂದೆ ಚಾಚಿಕೊಂಡು ನಡೆದೆ. ಬಿದ್ದರೆ ಹಿಡಿಯಬೇಕಲ್ಲ. ಹಿಡಿಯುವುದು ನನ್ನಿಂದ ಆಗುವ ಕೆಲಸವಲ್ಲ ಎಂಬುದು ಬೇರೆ ಮಾತು. ಹನ್ನೊಂದು ವರ್ಷದ ಹಿಂದೆ ಅಮ್ಮ ತೀರಿಕೊಂಡು ಮೆಷಿನ್ನು ನನ್ನದಾದ ದಿನದಿಂದ ನಾನು ಅದನ್ನು ಕಿಟಕಿಯ ಬಳಿಯಿಂದ ಒಂದು ಬೆರಳಿನಷ್ಟೂ ಸರಿಸಿದವಳಲ್ಲ.

ನಮ್ಮ ದ್ವೀಪದಲ್ಲಿ ಅವರವರ ವಸ್ತು ಅವರವರಿಗೆ ಭಾರ, ಬೇರೆಯವರಿಗೆ ಹಗುರ. ಎಷ್ಟು ಅಕ್ಕರೆಯೋ ಅಷ್ಟು ಭಾರ. ತೂತು ಬಿದ್ದ ಕೊಡೆಯನ್ನು ಯಾರಾದರೂ ತಾವೇ ಹಿಡಿದುಕೊಂಡು ಹೋಗಬಹುದು. ಹೊಸ ಸೀರೆಯ ಗಂಟನ್ನು ಪಕ್ಕದವರ ಕೈಗೆ ಕೊಡಲೇಬೇಕು. ಇದ್ದಲ್ಲೇ ಇಟ್ಟು ಬಳಸಲು ಅಡ್ಡಿಯಿಲ್ಲ. ಜಾಗ ಬದಲಿಸಲು ಮಾತ್ರ ಇನ್ನೊಬ್ಬರು ಬೇಕು. ಹಾಗಾಗಿ ನಮ್ಮಲ್ಲಿ ಎಂಥ ಜಗಳವಾದರೂ ಮಾರನೆಯ ಬೆಳಗಿನವರೆಗೆ ಮಾತು ಬಿಟ್ಟವರಿಲ್ಲ. ಮಾತು ಬಿಟ್ಟರೆ ನೀರಿನ ಕೊಡವನ್ನು ಒಳಗೆ ತಂದಿಡುವವರು ಯಾರು?

ನನ್ನ ಕೆಲಸ ಬಂದರಿನ ಕಚೇರಿಯಲ್ಲಿ, ಸೂಚನಾ ಫಲಕಗಳನ್ನು ಬರೆಯುವುದು. ‘ಮೆಟ್ಟಿಲು ಜಾರುತ್ತದೆ’, ‘ಇಲ್ಲಿ ಬಲೆ ಒಣಗಿಸಬಾರದು’, ‘ಅಲೆಗೆ ಬೆನ್ನು ಹಾಕಿ ನಿಲ್ಲಬೇಡಿ’. ದ್ವೀಪದ ಎಚ್ಚರಿಕೆಗಳಲ್ಲಿ ಮುಕ್ಕಾಲು ಪಾಲು ನನ್ನವು. ಪದವಿ ಓದಿದ್ದಕ್ಕೆ ಸಿಕ್ಕಿದ ಕೆಲಸ, ಸ್ವಭಾವಕ್ಕೂ ಹೊಂದಿಕೊಂಡಿದೆ.

ಅಂದು ನಾನು ಹೊರಟದ್ದು ಗಾಳಿಬಾಗಿಲಿಗೆ. ದ್ವೀಪದ ಕೊನೆಯ ಹಳ್ಳಿ ಅದು. ಅದರಾಚೆ ಕಲ್ಲು ಮತ್ತು ಕಡಲು. ಅಕ್ಕ ಸರಸ್ವತಿಯನ್ನು ಕೊಟ್ಟದ್ದು ಅಲ್ಲಿಗೆ. ಅವಳ ಮಗಳು ನೀಲು ಸ್ವಂತ ಹೊಲಿಗೆ ಅಂಗಡಿ ಶುರುಮಾಡುವವಳಿದ್ದಳು, ಅದೇ ದಿನ ಸಂಜೆ ನಾಲ್ಕಕ್ಕೆ. ‘ಅಮ್ಮನ ಮೆಷಿನ್ನನ್ನು ನೀಲುವಿಗೆ ಕೊಡುತ್ತೇನೆ’ ಎಂದು ನಾನೇ ಕಾಗದ ಬರೆದಿದ್ದೆ. ಅಕ್ಕ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅದನ್ನು ಕೇಳಿರಲಿಲ್ಲ. ಕೇಳಿದ್ದರೆ ಕೊಡದಿರಲು ಒಂದು ಕಾರಣವನ್ನಾದರೂ ಹುಡುಕುತ್ತಿದ್ದೆ.

ನಮ್ಮಲ್ಲಿ ಉಡುಗೊರೆ ಕೊಡುವುದು ಹುಡುಗಾಟವಲ್ಲ. ಕೊಟ್ಟವರು ಮನಸ್ಸು ತುಂಬಿ ಕೊಟ್ಟರೆ ಆ ಕ್ಷಣಕ್ಕೇ ವಸ್ತು ಪಡೆದವರದಾಗಿ ಅವರ ಕೈ ಕೆಳಕ್ಕೆ ಜಗ್ಗುತ್ತದೆ. ನೆರೆದವರೆಲ್ಲ ‘ಕೈ ಬಿತ್ತು!’ ಎಂದು ಕೂಗುತ್ತಾರೆ, ಬೆಲ್ಲ ಹಂಚುತ್ತಾರೆ. ಕೈ ಬೀಳದಿದ್ದರೆ ಯಾರೂ ಏನೂ ಹೇಳುವುದಿಲ್ಲ. ಹೇಳದಿರುವುದೇ ಕಷ್ಟ. ನಮ್ಮ ಬೀದಿಯಲ್ಲಿ ಒಬ್ಬರು ಅಳಿಯನಿಗೆ ಕರು ಕೊಟ್ಟಾಗ ಅಳಿಯ ಅದನ್ನು ಬೆಕ್ಕಿನ ಮರಿಯ ಹಾಗೆ ಎತ್ತಿ ಹೆಗಲಿಗೇರಿಸಿಕೊಂಡನಂತೆ. ಕರು ಬೆಳೆದು ನಾಲ್ಕು ಸಲ ಈದಿದೆ. ಅವರನ್ನು ಜನ ಇವತ್ತಿಗೂ ‘ಹಗುರ ಮಾವ’ ಎಂದೇ ಕರೆಯುವುದು.

ನಾನು ‘ಹಗುರ ಚಿಕ್ಕಮ್ಮ’ ಆದರೆ? ಮನಸ್ಸು ತುಂಬಿ ಕೊಡುತ್ತಿದ್ದೇನೆ ಎಂದು ನನಗೇನೋ ಅನಿಸುತ್ತಿತ್ತು. ಅನಿಸಿಕೆಯನ್ನು ನಂಬಿ ಫಲಕ ಬರೆಯುವವಳಲ್ಲ ನಾನು.

ಬಸ್ಸಿನಲ್ಲಿ ಲಕುಮಜ್ಜಿ ಸಿಕ್ಕಳು. ಮೂರುಬಾವಿಯವಳು, ಎಪ್ಪತ್ತೈದು ದಾಟಿದವಳು, ಬಾಯಿ ತುಂಬ ಎಲೆಯಡಿಕೆ. ಕೇಳುವ ಮೊದಲೇ ಮೆಷಿನ್ನನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು, ತನ್ನ ಒಣಮೆಣಸಿನ ಬುಟ್ಟಿಯನ್ನು ನನ್ನ ತೊಡೆಗೆ ದಾಟಿಸಿದಳು. “ಹಿಡ್ಕೊ. ಮೂಸಬೇಡ, ಸೀನು ಬರ್ತದೆ.” ಬುಟ್ಟಿ ಹತ್ತಿಯಂತಿತ್ತು.

“ಅಜ್ಜಿ, ಚಕ್ರದ ಹಿಡಿ ಹೊರಗೆ ಚಾಚಿದೆ, ಸ್ವಲ್ಪ ಜೋಪಾನ...”

“ನಾನು ಐದು ಮಕ್ಕಳನ್ನು ಸಾಕಿದವಳು ಮಾರಾಯ್ತಿ. ಎಲ್ಲ ಬೇರೆಯವರದ್ದೇ. ಒಂದನ್ನೂ ಬೀಳಿಸಿಲ್ಲ.”

ಚಾಲಕ ಹಮೀದಣ್ಣ ಹಾರ್ನ್ ಹೊಡೆದ. ಬಸ್ಸು ಕೆಮ್ಮಿ ಹೊರಟಿತು. ಗಾಳಿಬಾಗಿಲಿಗೆ ಹದಿನೆಂಟೇ ಮೈಲಿ, ಆದರೆ ಹೋಗಿ ಮುಟ್ಟಲು ಇಡೀ ಹಗಲು ಬೇಕು. ರಸ್ತೆ ಪ್ರತಿ ಬಂಡೆಗೂ ಮರ್ಯಾದೆ ಕೊಟ್ಟು ಸುತ್ತಿಕೊಂಡು ಹೋಗುತ್ತದೆ. ಮೇಲಾಗಿ ಪ್ರತಿ ಹಳ್ಳಿಯಲ್ಲಿ ಇಳಿಯುವವರ ಗಂಟನ್ನು ಇಳಿಯದವರು ಇಳಿದು ಮನೆವರೆಗೆ ಮುಟ್ಟಿಸಿ ಬರಬೇಕು. ಮುಟ್ಟಿಸಿದವರಿಗೆ ಮಜ್ಜಿಗೆ ಕುಡಿಸದೆ ಯಾರೂ ಕಳಿಸುವುದಿಲ್ಲ.

ನಾನು ಚೀಲದಿಂದ ಪಟ್ಟಿಯನ್ನು ತೆಗೆದೆ. ನೀಲುವಿಗೆ ಕೊಡಲೆಂದು ವಾರವಿಡೀ ಕೂತು ಬರೆದದ್ದು: ಮೆಷಿನ್ನನ್ನು ನೋಡಿಕೊಳ್ಳುವ ಬಗೆ, ಇಪ್ಪತ್ತಮೂರು ಸೂಚನೆಗಳು. ಹದಿನೈದು ದಿನಕ್ಕೊಮ್ಮೆ ಎಣ್ಣೆ, ಮೂರೇ ಹನಿ. ಉಪ್ಪುಗಾಳಿಗೆ ಒಡ್ಡಬಾರದು. ಚಕ್ರವನ್ನು ಹಿಂದಕ್ಕೆ ತಿರುಗಿಸಬಾರದು. ಬಸ್ಸು ಕುಲುಕಿದಾಗ ಇನ್ನೊಂದು ಹೊಳೆಯಿತು, ಬರೆದೆ: ‘ಇಪ್ಪತ್ತನಾಲ್ಕು, ಕುಲುಕುವ ಜಾಗದಲ್ಲಿ ಇಡಬಾರದು.’ ಪಟ್ಟಿಯನ್ನು ಮಡಿಸಿ ಚೀಲಕ್ಕೆ ಹಾಕಿ ಹೆಗಲಿಗೆ ಏರಿಸಿದಾಗ ಚೀಲದ ಬಾರು ಭುಜವನ್ನು ಕಚ್ಚಿತು. ಊಟದ ಡಬ್ಬಿ ದೊಡ್ಡದಾಯಿತು ಅಂದುಕೊಂಡೆ.

ಮೊದಲ ಹಳ್ಳಿ ಬೋಳುಕೊಡಿ. ಅಲ್ಲಿ ಮರವೆಂಬುದೇ ಇಲ್ಲ; ಮನೆಗಳು ಬಂಡೆಗೆ ಬೆನ್ನು ಒರಗಿಸಿ ಕೂತ ಹಾಗಿವೆ. ಬಾವಿ ಕೆಳಗಿದೆ, ಮನೆಗಳು ಮೇಲಿವೆ. ಮೆಟ್ಟಿಲಲ್ಲಿ ಆರೇಳು ತಾಯಂದಿರು ಕೂಸುಗಳನ್ನು ಸೊಂಟಕ್ಕೇರಿಸಿ ಹತ್ತುತ್ತಿದ್ದರು. ಯಾರ ಸೊಂಟದಲ್ಲೂ ಅವರವರ ಕೂಸಿರಲಿಲ್ಲ. ಒಬ್ಬಳು ಹಿಂದಿನವಳಿಗೆ, “ನನ್ನವ ನಿಂಗೆ ಹೂವಿನ ಹಾಗೆ ಇದ್ದಾನಲ್ಲ, ಅವನ ಮೂಗು ಒರೆಸಲಿಕ್ಕೆ ಎಂತ ಕಷ್ಟ?” ಎಂದಳು. “ಮೂಗು ನಿಂದು, ಮಾರಾಯ್ತಿ. ನಾನು ಹೊರುವವಳು ಮಾತ್ರ,” ಎಂದಳು ಹಿಂದಿನವಳು. ಎಲ್ಲರೂ ನಕ್ಕರು, ಮೂಗು ಹಾಗೇ ಉಳಿಯಿತು. ಕೊನೆಯ ಮೆಟ್ಟಿಲಲ್ಲಿ ಒಬ್ಬಳು ಮಾತ್ರ ತನ್ನ ಕೂಸನ್ನು ತಾನೇ ಅವಚಿಕೊಂಡು, ಎರಡು ಮೆಟ್ಟಿಲಿಗೊಮ್ಮೆ ನಿಂತು ಏದುಸಿರು ಬಿಡುತ್ತಾ, ಯಾರು ಕೈ ಚಾಚಿದರೂ ಕೊಡದೆ ಹತ್ತುತ್ತಿದ್ದಳು. “ಚೊಚ್ಚಲು,” ಎಂದಳು ಲಕುಮಜ್ಜಿ. “ಇನ್ನೊಂದು ಹದಿನೈದು ದಿನ. ಸೊಂಟ ಹೇಳಿದಾಗ ಕೇಳ್ತಾಳೆ.”

ಎರಡನೆಯ ಹಳ್ಳಿ ಕರಿಹಾಸು. ಅಲ್ಲಿ ಒಂದು ದೊಡ್ಡ ಕಪ್ಪು ಹಾಸುಗಲ್ಲಿದೆ. ಇಡೀ ದಾರಿಯಲ್ಲಿ ಎರಡು ಬಸ್ಸುಗಳು ಒಂದನ್ನೊಂದು ದಾಟಬಹುದಾದ ಜಾಗ ಅದೊಂದೇ. ಎದುರಿನಿಂದ ಕುಂಜಣ್ಣನ ಬಸ್ಸು ಬಂತು. ಕುಂಜಣ್ಣನ ಬಸ್ಸು ಅಂದರೆ ಕುಂಜಣ್ಣ ಓಡಿಸುವ ಬಸ್ಸು, ಅದು ಹಮೀದಣ್ಣನದು. ನಾವು ಕೂತಿದ್ದದ್ದು ಕುಂಜಣ್ಣನದು. ತಂತಮ್ಮ ಬಸ್ಸು ತಮಗೆ ಏರು ಹತ್ತುವುದಿಲ್ಲವಾದ್ದರಿಂದ ಮೂವತ್ತು ವರ್ಷದಿಂದ ಅದಲು ಬದಲು ಮಾಡಿಕೊಂಡೇ ಓಡಿಸುತ್ತಾರೆ. ಇಬ್ಬರೂ ಇಳಿದು ಒಬ್ಬರ ಮುಖ ಒಬ್ಬರು ನೋಡದೆ, ನೇರ ತಮ್ಮ ತಮ್ಮ ಬಸ್ಸಿನ ಬಳಿ ಹೋದರು.

“ಏ ಕುಂಜ, ಬಾಗಿಲಿಗೆ ಇದು ಎಂತ? ಗೀರು!”

“ಗೀರಾ? ನೊಣ ಕೂತದ್ದು. ಊದು, ಹೋಗ್ತದೆ.”

ಹಮೀದಣ್ಣ ಊದಿದ. ಹೋಗಲಿಲ್ಲ.

“ಮೊದಲು ನನ್ನ ಹಾರ್ನಿಗೆ ಎಂತ ಮಾಡಿದ್ದೀಯಾ ಹೇಳು. ಕ್ಷಯ ಬಂದವರ ಹಾಗೆ ಕೆಮ್ಮುತ್ತದೆ,” ಎಂದ ಕುಂಜಣ್ಣ.

“ನಿನ್ನ ಹಾರ್ನ್ ಹುಟ್ಟುವಾಗಲೇ ಕೆಮ್ಮುತ್ತಿತ್ತು. ತಾಯಿ ಕಡೆಯಿಂದ ಬಂದದ್ದು.”

ಕಾಲು ಗಂಟೆ ಹೀಗೇ ನಡೆಯಿತು. ನನಗೆ ಇಬ್ಬರ ಸಂಕಟವೂ ಅರ್ಥವಾಗುತ್ತಿತ್ತು. ನಾನಾಗಿದ್ದರೆ ಬಸ್ಸಿನೊಳಗೆ ಫಲಕಗಳನ್ನೇ ತೂಗುಹಾಕುತ್ತಿದ್ದೆ. ಲಕುಮಜ್ಜಿ ಮಾತ್ರ ಕಿಟಕಿಯಿಂದ ಉಗುಳಿ, “ಒಂದು ದಿನ ಇವರು ಬೈದಾಡದಿದ್ರೆ ಒಬ್ಬನಿಗೆ ಜ್ವರ ಅಂತ ತಿಳ್ಕೊ,” ಎಂದಳು. ಕೊನೆಗೆ ಹಮೀದಣ್ಣ ಜೇಬಿನಿಂದ ಬೀಡಿ ತೆಗೆದು ಕುಂಜಣ್ಣನಿಗೊಂದು ಕೊಟ್ಟ. ಕುಂಜಣ್ಣ ಹೆಗಲ ಟವೆಲಿನಿಂದ ಹಮೀದಣ್ಣನ ಬಸ್ಸಿನ ಗಾಜನ್ನು ಒಮ್ಮೆ ಒರೆಸಿದ. ಬಸ್ಸುಗಳು ದಾಟಿದವು.

ಊಟ ಅಲ್ಲೇ ಹಾಸುಗಲ್ಲಿನ ಮೇಲೆ. ನನ್ನ ಡಬ್ಬಿಯ ಅವಲಕ್ಕಿಯನ್ನು ಅಜ್ಜಿ ಖಾಲಿ ಮಾಡಿದಳು. ಮತ್ತೆ ಹೊರಟಾಗ ನಾನು ಪಟ್ಟಿಗೆ ಇನ್ನೂ ಮೂರು ಸೇರಿಸಿದೆ. ಗೀರಿನ ವಿಷಯ ನನಗೆ ಮೊದಲು ಹೊಳೆದೇ ಇರಲಿಲ್ಲ. ಚೀಲವನ್ನು ಎತ್ತಲು ಹೋದರೆ ಎರಡು ಕೈಯೂ ಬೇಕಾಯಿತು.

ಹಮೀದಣ್ಣ ಕನ್ನಡಿಯಲ್ಲಿ ನೋಡಿ, “ಎಂತ ಅಕ್ಕ, ಚೀಲದಲ್ಲಿ ಕಲ್ಲುಂಟಾ?” ಎಂದ.

“ಊಟದ ಡಬ್ಬಿ.”

“ಖಾಲಿ ಡಬ್ಬಿಯಾ?”

ಡಬ್ಬಿಯ ಮೇಲೆ ನನಗೆ ಅಕ್ಕರೆ ಹುಟ್ಟಿರಬಹುದು ಎಂದೆ. ಅವನು ಕಣ್ಣನ್ನು ರಸ್ತೆಗೆ ತಿರುಗಿಸಿದ. ಅಜ್ಜಿ ಮಾತ್ರ ನನ್ನ ಚೀಲವನ್ನು ಕಿರುಬೆರಳಲ್ಲಿ ಎತ್ತಿ, ಒಳಗೆ ಇಣುಕಿ, ಪಟ್ಟಿಯನ್ನು ಹೊರಗೆಳೆದಳು. “ಓದು ನೋಡುವ. ನಂಗೆ ಅಕ್ಷರ ಬರುವುದಿಲ್ಲ.”

ಓದಿದೆ. ಇಪ್ಪತ್ತೇಳೂ ಓದಿದೆ. ಅವಳು ಮೆಷಿನ್ನಿನ ಮರದ ಮುಚ್ಚಳದ ಮೇಲೆ ಗಲ್ಲವಿಟ್ಟು ಕೇಳಿದಳು. ಮುಗಿದ ಮೇಲೆ ಹೊರಗೆ ನೋಡುತ್ತಾ ಹೇಳಿದಳು, “ನಂಗೆ ನಮ್ಮ ಅತ್ತೆ ಮದುವೆಯಲ್ಲಿ ಒಂದು ಅರೆಯುವ ಕಲ್ಲು ಕೊಟ್ಟಿದ್ರು. ದಿನಾ ಪಕ್ಕದಲ್ಲಿ ನಿಂತು, ಹಾಗೆ ಅರಿ, ಹೀಗೆ ತೊಳಿ ಅಂತ. ಇಪ್ಪತ್ತು ವರ್ಷ ಆ ಕಲ್ಲನ್ನು ನಾನು ಮಲ್ಲಿಗೆ ಮೊಗ್ಗಿನ ಹಾಗೆ ಎತ್ತಿದ್ದೇನೆ. ಅತ್ತೆ ಹೋದ ದಿನ ನೋಡು, ಅಲುಗಲಿಲ್ಲ. ಈಗ ಅದನ್ನು ಸರಿಸಬೇಕಾದ್ರೆ ನೆರೆಮನೆಯವಳನ್ನು ಕರೀಬೇಕು.”

“ಕಷ್ಟವಾಯಿತಲ್ಲ ಅಜ್ಜಿ.”

“ಕಷ್ಟ ಎಂತದ್ದು? ಅಲ್ಲಿವರೆಗೆ ಅರೆದದ್ದು ಅತ್ತೆ ಚಟ್ನಿ. ಆಮೇಲಿಂದ ನನ್ನ ಚಟ್ನಿ.” ಅವಳು ಎಲೆಗೆ ಸುಣ್ಣ ಸವರಿದಳು. “ಪಾಪ, ಅವರ ಚಟ್ನಿ ಚೆನ್ನಾಗಿಯೇ ಇತ್ತು.”

ಮೂರುಬಾವಿಯಲ್ಲಿ ಅವಳನ್ನು ಇಳಿಸಿದೆವು. ಮೆಣಸಿನ ಬುಟ್ಟಿಯನ್ನು ನಾನೇ ಮನೆಯವರೆಗೆ ಹೊತ್ತೆ. ಅಂಗಳದ ಮೂಲೆಯಲ್ಲಿ ಆ ಅರೆಯುವ ಕಲ್ಲಿತ್ತು. ಮಜ್ಜಿಗೆ ಕುಡಿಯುತ್ತಾ ಅದನ್ನೇ ನೋಡಿದೆ. ಪಟ್ಟಿಯನ್ನು ಹರಿದು ಹಾಕಬೇಕೇ ಎಂದೂ ಒಮ್ಮೆ ಯೋಚಿಸಿದೆ. ಆದರೆ ನನ್ನದು ಬೇರೆ. ಅತ್ತೆ ಪಕ್ಕದಲ್ಲಿ ನಿಂತು ಹೇಳುತ್ತಿದ್ದರು. ನಾನು ಬರೆದುಕೊಟ್ಟು ಹೊರಟು ಹೋಗುವವಳು. ಪಟ್ಟಿ ಚೀಲದಲ್ಲೇ ಉಳಿಯಿತು.

ಗಾಳಿಬಾಗಿಲು ಮುಟ್ಟುವಾಗ ನಾಲ್ಕಾಗಿತ್ತು. ಎರಡು ಗುಡ್ಡಗಳ ಸಂದಿನಲ್ಲಿ ಬಸ್ಸು ನುಸುಳಿದ್ದೇ ಗಾಳಿ ನಮ್ಮ ಕೂದಲನ್ನೆಲ್ಲ ಹಿಂದಕ್ಕೆ ಬಾಚಿತು. ಕೆಳಗೆ ಕಡಲು, ದಡದಲ್ಲಿ ಮಗುಚಿ ಹಾಕಿದ ದೋಣಿಗಳ ಸಾಲು. ಹಮೀದಣ್ಣ ಮೆಷಿನ್ನನ್ನು ತೋರುಬೆರಳಿಗೆ ಸಿಕ್ಕಿಸಿಕೊಂಡು, ನನ್ನ ಮುಖ ನೋಡಲೆಂದೇ ಆಗಾಗ ತೂಗಾಡಿಸುತ್ತಾ ಇಳಿಜಾರಿನಲ್ಲಿ ನಡೆದ. ನಾನು ಚೀಲದ ಭಾರಕ್ಕೆ ಒಂದು ಕಡೆ ವಾಲಿಕೊಂಡು ಹಿಂದಿನಿಂದ ಇಳಿದೆ.

ಅಕ್ಕ ಹಳೆಯ ದೋಣಿಮನೆಯೊಂದನ್ನು ಗುಡಿಸಿ, ಸಾರಿಸಿ ಅಂಗಡಿ ಮಾಡಿದ್ದಳು. ಇಪ್ಪತ್ತು ಮೂವತ್ತು ಜನ ಆಗಲೇ ಸೇರಿದ್ದರು. ಬೆಲ್ಲದ ತಟ್ಟೆ ಸಿದ್ಧವಾಗಿತ್ತು. ಅಕ್ಕ ನನ್ನನ್ನು ನೋಡಿ, “ಬಾ ವಾರಿಜ. ಎಂತಕ್ಕೆ ಓರೆಯಾಗಿ ನಡೀತೀ?” ಎಂದಳು. ಅಷ್ಟರಲ್ಲಿ ನೀಲು ಓಡಿ ಬಂದಳು. ಇಪ್ಪತ್ತೆರಡು ವರ್ಷ, ಕುತ್ತಿಗೆಯಲ್ಲಿ ಅಳತೆ ಪಟ್ಟಿ, ಕಿವಿಯ ಹಿಂದೆ ಸೀಮೆಸುಣ್ಣ. ಅಮ್ಮನ ಹಾಗೆಯೇ ಎಡಗಡೆ ಬೈತಲೆ. ಅದನ್ನು ನೋಡಿ ನನ್ನ ಮನಸ್ಸು ತುಂಬಿತೆಂದೇ ತಿಳಿದೆ.

ಪದ್ಧತಿಯಂತೆ ಹಮೀದಣ್ಣ ಮೆಷಿನ್ನನ್ನು ನೀಲುವಿನ ಚಾಚಿದ ಕೈಗಳ ಮೇಲಿಟ್ಟ. ನಾನು ಮುಚ್ಚಳದ ಮೇಲೆ ಅಂಗೈ ಇಟ್ಟು, “ನಿನ್ನದು,” ಎಂದೆ. ಅಂಗೈ ತೆಗೆದೆ.

ಕೈ ಬೀಳಲಿಲ್ಲ.

ಯಾರೋ ಗಂಟಲು ಸರಿಮಾಡಿಕೊಂಡರು. ಬೆಲ್ಲದ ತಟ್ಟೆ ಹಿಡಿದವಳು ನೆಲ ನೋಡಿದಳು. ನೀಲು ಒಂದು ಗಳಿಗೆ ನನ್ನ ಕಣ್ಣನ್ನೇ ನೋಡಿ, ಆಮೇಲೆ ಮೊಣಕಾಲು ಬಗ್ಗಿಸಿ, “ಅಯ್ಯಯ್ಯೋ! ಎಷ್ಟು ಭಾರ ಚಿಕ್ಕಮ್ಮ! ಹಿಡೀರಿ ಯಾರಾದ್ರೂ!” ಎಂದು ಕೂಗಿ ಮೆಷಿನ್ನನ್ನು ಮೇಜಿನ ಮೇಲೆ ಇಳಿಸಿದಳು. ಜನ ಅನುಮಾನದಿಂದಲೇ “ಕೈ... ಬಿತ್ತು” ಎಂದರು. ನಾನು ಎಲ್ಲವನ್ನೂ ಗಮನಿಸುವ ರೋಗದವಳು. ಅವಳ ಮಣಿಕಟ್ಟಿನ ನರ ಒಂದೂ ಉಬ್ಬಿರಲಿಲ್ಲ. ಹಣೆ ಒರೆಸಿಕೊಂಡಳು, ಬೆವರಿರಲಿಲ್ಲ. ನನ್ನ ಮಾನ ಉಳಿಸಲು ಆ ಹುಡುಗಿ ತನ್ನ ಅಂಗಡಿಯ ಮೊದಲ ದಿನವೇ ಸುಳ್ಳು ಹೇಳಿದ್ದಳು.

ಅದನ್ನು ನುಂಗಿಕೊಂಡು ಬೆಲ್ಲ ತಿನ್ನುವುದು ನನ್ನಿಂದಾಗಲಿಲ್ಲ. “ಇಲ್ಲ,” ಎಂದೆ. “ಭಾರ ಆಗಿಲ್ಲ. ಅವಳು ನಟಿಸುತ್ತಿದ್ದಾಳೆ. ಯಾಕೆ ಆಗಲಿಲ್ಲವೋ ನನಗೆ ಗೊತ್ತಿಲ್ಲ. ನಾನು ಕೊಡಬೇಕೆಂದೇ ತಂದದ್ದು. ನೋಡಿ, ಇದನ್ನೂ ಬರೆದು ತಂದಿದ್ದೇನೆ,” ಎಂದು ಎರಡು ಕೈಯಲ್ಲಿ ಹೆಣಗಾಡಿ ಚೀಲದಿಂದ ಪಟ್ಟಿಯನ್ನು ತೆಗೆದೆ. ಬೆರಳುಗಳು ಸೋತು ಅದು ನೆಲಕ್ಕೆ ಬಿತ್ತು.

ಒಂದು ಹಾಳೆ ಕಾಗದ. ನನ್ನ ಕೈಯಿಂದ ಗುಂಡುಕಲ್ಲಿನ ಹಾಗೆ ಜಾರಿ ಬಿದ್ದದ್ದನ್ನು ಎಲ್ಲರೂ ನೋಡಿದರು. ನಾನೂ ನೋಡಿದೆ.

ಅಕ್ಕ ಬಗ್ಗಿ ಅದನ್ನು ಎರಡು ಬೆರಳಲ್ಲಿ ಎತ್ತಿ ಗಟ್ಟಿಯಾಗಿ ಓದತೊಡಗಿದಳು. ಮೂರು ಹನಿ ಎಣ್ಣೆಗೆ ಯಾರೋ ಕಿಸಕ್ಕೆಂದರು. ಉಪ್ಪುಗಾಳಿಗೆ ಹಮೀದಣ್ಣನೇ ಜೋರಾಗಿ ನಕ್ಕ. ಒಂಬತ್ತನೆಯದಕ್ಕೆ ಬಂದಾಗ ಅಕ್ಕನ ಧ್ವನಿ ತಗ್ಗಿತು: “ಹಾಯಿಬಟ್ಟೆ, ಟಾರ್ಪಾಲು, ಗೋಣಿ ಮುಂತಾದ ದಪ್ಪ ಬಟ್ಟೆಗಳನ್ನು ಯಾವ ಕಾರಣಕ್ಕೂ ಹೊಲಿಯಕೂಡದು.”

ನಗು ನಿಂತಿತು. ನೀಲು ಗೋಡೆಯ ಕಡೆ ನೋಡಿದಳು. ಅವಳ ನೋಟದ ಹಿಂದೆ ನಾನೂ ಹೋದೆ. ಅಲ್ಲಿ ಮಡಿಸಿಟ್ಟ ಹಾಯಿಬಟ್ಟೆಗಳ ರಾಶಿ ನನ್ನ ಎದೆಮಟ್ಟಕ್ಕಿತ್ತು.

“ಚಿಕ್ಕಮ್ಮ,” ಎಂದಳು ಮೆಲ್ಲಗೆ, “ಇಲ್ಲಿ ರವಿಕೆ ಹೊಲಿಸುವವರು ನಾಲ್ಕು ಮಂದಿ. ದೋಣಿ ಇರುವವರು ನಲವತ್ತು ಮಂದಿ. ನಾನು ಅಂಗಡಿ ಇಟ್ಟದ್ದು ಹಾಯಿ ಹೊಲಿಯಲಿಕ್ಕೇ. ನಿಮಗೆ ಬರೆದಿರಲಿಲ್ಲ. ಬರೆದರೆ ನೀವು ಕಳಿಸುವುದಿಲ್ಲ ಅಂತ ಅಮ್ಮ...”

ಅಕ್ಕ ಪಟ್ಟಿಯಿಂದ ತಲೆ ಎತ್ತಲಿಲ್ಲ.

ಹಾಯಿಬಟ್ಟೆ! ಅಮ್ಮನ ಮೆಷಿನ್ನು ತುಂಬುತೋಳಿನ ರವಿಕೆ, ದಿಂಬಿನ ಚೀಲ, ನನ್ನ ಲಂಗಗಳನ್ನು ಹೊಲಿದದ್ದು. ಹೇಳಬೇಕಾದ ಎಚ್ಚರಿಕೆಗಳೆಲ್ಲ ಬಾಯಿಯವರೆಗೆ ಬಂದವು. ಬೋಳುಕೊಡಿಯ ಮೆಟ್ಟಿಲಲ್ಲಿ ಏದುಸಿರು ಬಿಡುತ್ತಿದ್ದ ಚೊಚ್ಚಲ ತಾಯಿಯೂ ಯಾಕೋ ಕಣ್ಣೆದುರು ಬಂದಳು. ನಾನು ಮುಚ್ಚಳ ತೆಗೆದು ಪಕ್ಕಕ್ಕಿಟ್ಟೆ. ಅದೊಂದನ್ನು ತೆಗೆಯುವಷ್ಟರಲ್ಲೇ ಬೆವತೆ.

“ಹೊಲಿ,” ಎಂದೆ.

“ಈಗಲಾ?”

“ಈಗಲೇ. ನಾನು ಇರುವಾಗಲೇ.”

ನೀಲು ಕೂತಳು. ಹಾಯಿಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೂಜಿಯ ಕೆಳಗಿಟ್ಟು ಚಕ್ರ ತಿರುಗಿಸಿದಳು. ಕಟಕಟ ಸದ್ದು ಕೇಳಿ ನನಗೆ ಅಮ್ಮನ ಬೆನ್ನು ನೆನಪಾಯಿತು. ಅಂಚಿಗೆ ಬಂದಾಗ ಬಟ್ಟೆ ನಾಲ್ಕು ಮಡಿಕೆಯಾಯಿತು. ಬೇಡ, ಅಲ್ಲಿ ಬೇಡ ಎಂದುಕೊಳ್ಳುವಷ್ಟರಲ್ಲೇ ‘ಟಕ್’ ಎಂದಿತು. ಸೂಜಿ ಮುರಿದು ತುದಿ ಹಾರಿ ಬೆಲ್ಲದ ತಟ್ಟೆಯ ಪಕ್ಕ ಬಿತ್ತು.

ಎಲ್ಲರೂ ನನ್ನ ಕಡೆ ತಿರುಗಿದರು.

ಅಕ್ಕನೇ ಮೊದಲು ಬಾಯಿ ತೆರೆದಳು. “ಅಮ್ಮ ತಿಂಗಳಿಗೆ ಎಷ್ಟು ಸೂಜಿ ಮುರೀತಿದ್ಲು, ನೆನಪುಂಟಾ ನಿಂಗೆ?”

ನೆನಪಿತ್ತು. ಬೆಂಕಿಪೊಟ್ಟಣ. ಕಿಟಕಿಯ ದಂಡೆಯ ಮೇಲೆ ಅಮ್ಮ ಮುರಿದ ಸೂಜಿಗಳನ್ನು ಹಾಕಿಡುತ್ತಿದ್ದ ಬೆಂಕಿಪೊಟ್ಟಣ. ಅದು ಯಾವಾಗಲೂ ತುಂಬಿರುತ್ತಿತ್ತು. ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದಾಗುತ್ತಿತ್ತು. ಸೂಜಿ ಮುರಿದಾಗಲೆಲ್ಲ ಅಮ್ಮ “ಹೋಯ್ತು ಕತ್ತೆ” ಎಂದು ನಕ್ಕು ಇನ್ನೊಂದನ್ನು ಸಿಕ್ಕಿಸುತ್ತಿದ್ದಳು. ಮೂರೇ ಹನಿ ಎಣ್ಣೆ ಎಂದು ಅವಳು ಯಾವತ್ತೂ ಎಣಿಸಿದವಳಲ್ಲ. ಇಪ್ಪತ್ತೇಳರಲ್ಲಿ ಒಂದೂ ಅಮ್ಮನದಲ್ಲ. ಎಲ್ಲ ನನ್ನವೇ.

ನನಗೆ ನಗು ಬಂತು. ಎಷ್ಟು ದಿನಗಳಿಂದ ನಕ್ಕಿರಲಿಲ್ಲವೋ, ಸ್ವಲ್ಪ ಕಣ್ಣೀರೂ ಬಂತು. ಚೀಲದ ಜೇಬಿನಿಂದ ಹನ್ನೆರಡು ಸೂಜಿಗಳ ಪೊಟ್ಟಣ ತೆಗೆದು, ತಿಂಗಳಿಗೊಂದರಂತೆ ಬಳಸು ಎಂದು ಹೇಳಲು ತಂದಿದ್ದನ್ನು ಇಡಿಯಾಗಿ ಅವಳ ಮಡಿಲಿಗೆ ಹಾಕಿದೆ. “ಹೋಯ್ತು ಕತ್ತೆ. ಬೇರೆ ಹಾಕು.”

ನೀಲು ಹೊಸ ಸೂಜಿ ಸಿಕ್ಕಿಸಿ ನೂಲು ಪೋಣಿಸಲು ಕಣ್ಣು ಕಿರಿದು ಮಾಡಿದಳು. “ಇಲ್ಲಿ ಬೆಳಕು ಸಾಲದು,” ಎಂದು ಮೆಷಿನ್ನನ್ನು ಬಾಗಿಲ ಕಡೆ ಸರಿಸಲು ಹೋದಳು. ಮತ್ತೊಮ್ಮೆ ಪ್ರಯತ್ನಿಸಿದಳು. ಎದ್ದು ನಿಂತು ಎರಡೂ ಕೈ ಹಾಕಿ ಹಲ್ಲು ಕಚ್ಚಿ ಜಗ್ಗಿದಳು. ಮಣಿಕಟ್ಟಿನ ನರಗಳು ಹಗ್ಗದಂತೆ ಉಬ್ಬಿದವು.

“ಚಿಕ್ಕಮ್ಮ... ಇದು ಅಲ್ಲಾಡ್ತಾನೇ ಇಲ್ಲ.”

“ನಾಟಕ ಮಾಡ್ಬೇಡ,” ಎಂದ ಹಮೀದಣ್ಣ.

“ದೇವರಾಣೆಗೂ ಇಲ್ಲ ಮಾಮ!”

ಆಮೇಲೆ ಎದ್ದ ಕೂಗಿಗೆ ಹೊರಗಿನ ಆಡುಗಳು ಬೆದರಿ ಗುಡ್ಡ ಹತ್ತಿದವು. ‘ಕೈ ಬಿತ್ತು! ಕೈ ಬಿತ್ತು!’ ಯಾರೋ ನನ್ನ ಬಾಯಿಗೆ ಬೆಲ್ಲ ತುರುಕಿದರು. ಅಕ್ಕ ನನ್ನ ಭುಜವನ್ನು, ಚೀಲದ ಬಾರು ಕಚ್ಚಿ ಕೆಂಪಾಗಿದ್ದ ಜಾಗವನ್ನು, ತಿಕ್ಕಿದಳು.

ನೀಲು ಪಟ್ಟಿಯನ್ನು ತಿರುವಿ ಅದರ ಖಾಲಿ ಬೆನ್ನಿನ ಮೇಲೆ ಸೀಮೆಸುಣ್ಣದಿಂದ ಹಾಯಿಯ ಮೂಲೆಗೆ ಹಾಕುವ ತೇಪೆಯ ಆಕಾರ ಬರೆದು, ಕತ್ತರಿ ತೆಗೆದುಕೊಂಡಳು. ಕತ್ತರಿ ಒಂಬತ್ತನೆಯ ಸೂಚನೆಯ ನಡುವೆಯೇ ಹಾದುಹೋಯಿತು. ಕಾಗದ ಗಟ್ಟಿಯಾಗಿದೆ, ಅಚ್ಚಿಗೆ ತುಂಬ ದಿನ ಬರ್ತದೆ ಎಂದಳು.

“ಚಿಕ್ಕಮ್ಮ, ಇದನ್ನು ಸ್ವಲ್ಪ ಆ ಕಿಟಕಿ ಹತ್ತಿರ ಇಡ್ತೀರಾ?”

ನಾನು ಅಭ್ಯಾಸದಂತೆ ಯಾರನ್ನು ಕರೆಯಲೆಂದು ಸುತ್ತ ನೋಡಿದೆ. ಆಮೇಲೆ ಮೆಷಿನ್ನಿನ ಕೆಳಗೆ ಬೆರಳು ತೂರಿಸಿದೆ. ಅದು ಎದ್ದು ಬಂತು. ಒಣ ಎಲೆ ಎದ್ದು ಬರುವ ಹಾಗೆ ಬಂತು. ಅದರ ತಳವನ್ನು ನಾನು ಹನ್ನೊಂದು ವರ್ಷದಲ್ಲಿ ನೋಡಿಯೇ ಇರಲಿಲ್ಲ. ಅಲ್ಲಿ ಅಮ್ಮ ಬಳಿದ ಹಸಿರು ಬಣ್ಣ ಇನ್ನೂ ಹಾಗೇ ಇತ್ತು. ಕಿಟಕಿಯ ಬಳಿ ಇಟ್ಟೆ. ಹೊರಗೆ ಹಾಯಿಗಳಿಲ್ಲದ ದೋಣಿಗಳು ಕಾಯುತ್ತಿದ್ದವು.

“ಅಲ್ಲಿ ಗಾಳಿ ಜಾಸ್ತಿ ಅಲ್ವಾ? ಬಾಗಿಲ ಪಕ್ಕ ನೋಡುವ.”

ಬಾಗಿಲ ಪಕ್ಕ ಇಟ್ಟೆ.

“ಊಹೂಂ. ಕಿಟಕಿಯೇ ಚೆಂದ ಇತ್ತು.”

ಎಲ್ಲರೂ ನಕ್ಕರು. ಅಷ್ಟರಲ್ಲಿ ಬಸ್ಸಿಗೆ ಮರಳಿದ್ದ ಹಮೀದಣ್ಣ ದಿಬ್ಬದ ಮೇಲಿಂದ ಕುಂಜಣ್ಣನ ಹಾರ್ನನ್ನು ಕೆಮ್ಮಿಸಿ ಕೆಮ್ಮಿಸಿ ನನ್ನನ್ನು ಕರೆಯುತ್ತಿದ್ದ. ಬರುತ್ತೇನೆ ಇರು ಎಂದು ನಾನು ಕೂಗಿ ಹೇಳಿ, ಮೆಷಿನ್ನನ್ನು ಮತ್ತೆ ಒಂದೇ ಕೈಯಲ್ಲಿ ಎತ್ತಿಕೊಂಡೆ.